ಊರೂರು ಸುತ್ತಿದ ಅನುಭವಕ್ಕೆ ಲೆಕ್ಕವೆಲ್ಲಿ?

ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಯಲ್ಲಿ ಒಂದು ಕಾಲಕ್ಕೆ ಹೆರಿಗೆಯೆಂದರೆ ಸೂಲಗಿತ್ತಿಗೆ ಹೇಳಿಕಳಿಸುವುದೇ ಆಗಿತ್ತು. ಬಸುರಿ ಇದ್ದಲ್ಲಿಗೆ ಅವಳೇ ಬರಬೇಕು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ 1940ರಲ್ಲಿ ಮೊದಲ ಹೆರಿಗೆ ಮಾಡಿಸಿದರು. ಅಜ್ಜಿಯಿಂದ ಕಲಿತ ವಿದ್ಯೆ, ಅಕ್ಷರ ಬಾರದು. ಏಳು ದಶಕಗಳಲ್ಲಿ ಅವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳಲಾಗುತ್ತದೆ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅದೇ ವರ್ಷ ಕೇಂದ್ರ ಸರ್ಕಾರ ಹದಿನೆಂಟು ತಿಂಗಳ ಸೂಲಗಿತ್ತಿ ತರಬೇತಿಯ ಮಾರ್ಗಸೂಚಿ ಹೊರಡಿಸಿತು. ಅದರ ಬಾಗಿಲು ತೆರೆದದ್ದು ನೋಂದಾಯಿತ ನರ್ಸ್‌ಗಳಿಗೆ ಮಾತ್ರ. ಪದವಿ ಕೊಟ್ಟು ಗೌರವಿಸಬಹುದಾದ ಅನುಭವವನ್ನು ಪ್ರವೇಶಕ್ಕೆ ಲೆಕ್ಕ ಹಿಡಿಯಲಾಗಲಿಲ್ಲ.

ಇದಕ್ಕೆ ಕಾರಣ ಅಲೆದಾಟವಲ್ಲ, ದಾಖಲೆಯಿಲ್ಲದಿರುವುದು ಎಂಬುದು ನನ್ನ ವಾದ. ಅಮೆರಿಕದ ಮಿನ್ನೆಸೋಟದಲ್ಲಿ ಮೇಯೋ ಸಹೋದರರ ಆಸ್ಪತ್ರೆಯ ನರ್ಸ್ ಆಲಿಸ್ ಮ್ಯಾಗಾ, ತಾನು ಅರಿವಳಿಕೆ ಕೊಟ್ಟ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ವರದಿಯನ್ನು 1906ರಲ್ಲಿ ಪ್ರಕಟಿಸಿದಳು. ಅರಿವಳಿಕೆಯಿಂದಲೇ ಆದ ಸಾವು ಒಂದೂ ಇಲ್ಲವೆಂದು ಬರೆದಳು. ಸಂಖ್ಯೆಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಆದರೆ ಮ್ಯಾಗಾಳ ಎಣಿಕೆ ಮುಂದಿನವರ ಪಾಠವಾಯಿತು, ನರಸಮ್ಮನವರದು ಊರವರ ನೆನಪಿನಲ್ಲೇ ಉಳಿಯಿತು. ಮ್ಯಾಗಾಳಿಗೆ ಒಂದೇ ಆಸ್ಪತ್ರೆ, ಮೇಲೆ ಶಸ್ತ್ರವೈದ್ಯರ ಕಣ್ಣು, ಹೋಲಿಕೆ ಸಲ್ಲದು ಎನ್ನಬಹುದು. ನಿಜ, ಆದರೆ ಒಂದೇ ಕಡೆ ನಿಂತದ್ದಕ್ಕಷ್ಟೇ ಅನುಭವ ಶಾಸ್ತ್ರವಾಗಲಿಲ್ಲ, ಬರೆದಿಟ್ಟದ್ದಕ್ಕೆ ಆಯಿತು.

ಇಂದು ಅಮೆರಿಕದ ಅರಿವಳಿಕೆ ನರ್ಸ್ ಶಾಲೆಗಳು ಪ್ರವೇಶಕ್ಕೆ ಕನಿಷ್ಠ ಒಂದು ವರ್ಷದ ತೀವ್ರ ನಿಗಾ ಅನುಭವ ಕೇಳುತ್ತವೆ. ಹದಿಮೂರು ವಾರಕ್ಕೊಂದು ಆಸ್ಪತ್ರೆ ಬದಲಿಸುವ ಟ್ರಾವೆಲ್ ನರ್ಸ್‌ನ ಕೆಲಸ ಅದಕ್ಕೆ ಸಲ್ಲುತ್ತದೆಯೇ ಎಂಬ ಪ್ರಶ್ನೆ ಅಲ್ಲಿಯದು. ಹಾಗೆ ಬಂದುಹೋಗುವ ಹೊಸಬರಿಗೆ ಆಸ್ಪತ್ರೆಗಳು ತೀವ್ರ ಸ್ಥಿತಿಯ ರೋಗಿಗಳನ್ನು ಕೊಡುವುದಿಲ್ಲ, ತಮ್ಮ ಕೆಲಸದ ಫಲ ನೋಡುವ ಮೊದಲೇ ಅವರು ಹೊರಟಿರುತ್ತಾರೆ ಎಂಬುದು ಗಟ್ಟಿ ಆಕ್ಷೇಪ. ನಮ್ಮ ಸೂಲಗಿತ್ತಿಗೆ ಇದು ತಾಗದು. ಮಗುವಿಗೆ, ಬಾಣಂತಿಗೆ ನೀರೆರೆಯಲು ಅವಳು ದಿನವೂ ಮತ್ತೆ ಬರುತ್ತಿದ್ದಳು, ಬಾಣಂತಿಗೆ ನಂಜಾದರೆ ಮೊದಲು ಕಾಣುತ್ತಿದ್ದುದು ಅವಳಿಗೇ. ಹಾಗಾಗಿ ಕೇಳಬೇಕಾದದ್ದು ಎಷ್ಟು ಊರು ಸುತ್ತಿದಳೆಂದಲ್ಲ, ಎಂಥ ರೋಗಿಗಳನ್ನು ನೋಡಿದಳು, ಕೊನೆಗೇನಾಯಿತು, ಅದಕ್ಕೆ ಸಹಿ ಹಾಕಿದವರಾರು ಎಂದು.

ನಮ್ಮಲ್ಲಿ ನರ್ಸ್ ಸ್ವತಂತ್ರವಾಗಿ ಅರಿವಳಿಕೆ ಕೊಡುವ ಪದ್ಧತಿಯಿಲ್ಲ. ಅರಿವಳಿಕೆ ತಜ್ಞರ ಕೊರತೆಗೆ ಸರ್ಕಾರ ಕಂಡುಕೊಂಡ ದಾರಿ ಎಂಬಿಬಿಎಸ್ ವೈದ್ಯರಿಗೆ ಅದರ ತರಬೇತಿ. ಆ ನೀತಿ ಬದಲಾಗಲಿ, ಬಿಡಲಿ, ಗುತ್ತಿಗೆಯ ಮೇಲೆ ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗುವ ನರ್ಸ್‌ಗೆ ಪ್ರತಿ ಆಸ್ಪತ್ರೆಯೂ ಆಕೆ ನೋಡಿದ ಪ್ರಕರಣಗಳ ದೃಢೀಕೃತ ಪಟ್ಟಿ ಕೊಡಬೇಕೆಂದು ಆರೋಗ್ಯ ಇಲಾಖೆ ನಿಯಮ ಮಾಡಲಿ.