ಬಣವೆಯ ಬುಡದಲ್ಲಿ

ಉರ್ದು ಶಾಲೆಯಲ್ಲಿ 'ಗಂಜಿ' ಎಂದರೆ ಹುಲ್ಲಿನ ರಾಶಿ ಎಂದು ಉಸ್ತಾದರು ಅರ್ಥ ಹೇಳಿದ ದಿನ ನಮ್ಮ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಮನೆಯ ಹೊಸ್ತಿಲು ದಾಟಿದರೆ ಗಂಜಿ ಎಂದರೆ ಜ್ವರ ಬಂದವರಿಗೆ ಕುಡಿಸುವ ಪದಾರ್ಥ. ಹುಲ್ಲಿನ ರಾಶಿಗೆ ನಮ್ಮೂರಿನಲ್ಲಿ ಬಣವೆ ಎನ್ನುತ್ತಿದ್ದರು. ಮುಂದೆ ಹೈಸ್ಕೂಲಿಗೆ ಮಂಡ್ಯದ ಕಡೆಯಿಂದ ಬಂದ ಕನ್ನಡ ಮೇಷ್ಟರು ಅದನ್ನು ಮೆದೆ ಎಂದರು. ಹೆಸರು ಮೂರಾದರೂ ನಮ್ಮ ಕಣ್ಣಿಗೆ ಕಾಣುತ್ತಿದ್ದುದು ಒಂದೇ: ದಾದಾನ ಮೂರು ಎಕರೆ ಹೊಲದ ಅಂಚಿನಲ್ಲಿ, ಸುತ್ತ ಜಾಲಿ ಮುಳ್ಳಿನ ಬೇಲಿ ಹೊತ್ತು ನಿಂತ ರಾಗಿ ಹುಲ್ಲಿನ ಗುಡ್ಡ.

ಅಜ್ಜಂಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಒಬ್ಬ ರೈತನ ಸ್ಥಿತಿಗತಿ ತಿಳಿಯಲು ಅವನ ಮನೆಯೊಳಗೆ ಹೋಗಬೇಕಾಗಿರಲಿಲ್ಲ. ಬಣವೆ ನೋಡಿದರೆ ಸಾಕಾಗಿತ್ತು. ಹೆಣ್ಣು ಕೊಡುವವರೂ ಮೊದಲು ಅದನ್ನೇ ನೋಡುತ್ತಿದ್ದರು. ಕಾರ್ತಿಕದ ಹೊತ್ತಿಗೆ ರಾಗಿ ಕೊಯ್ದು, ಅರಿ ಹಾಕಿ, ಬಿಸಿಲಿಗೆ ಒಣಗಿಸಿ, ಸಿವುಡು ಕಟ್ಟಿ ಗುಪ್ಪೆ ಹಾಕುತ್ತಿದ್ದರು. ಆ ನಾಲ್ಕಾರು ದಿನ ಮನೆಯ ಗಂಡಸರೆಲ್ಲ ಆಕಾಶ ನೋಡಿಕೊಂಡೇ ಊಟ ಮಾಡುತ್ತಿದ್ದರು. ಒಂದು ಮಳೆ ಬಿದ್ದರೆ ತೆನೆ ಮೊಳೆಯುತ್ತದೆ, ಹುಲ್ಲು ಕಪ್ಪಾಗುತ್ತದೆ, ಕಪ್ಪಾದ ಹುಲ್ಲನ್ನು ಎತ್ತು ಮೂಸಿ ಬಿಡುತ್ತದೆ. ಸಂಕ್ರಾಂತಿಯ ಆಚೀಚೆ ಕಣದಲ್ಲಿ ಸಿವುಡು ಹರಡಿ ರೋಣಗಲ್ಲು ಹೊಡೆಯುತ್ತಿದ್ದರು. ಕಲ್ಲು ಉರುಳಿದಂತೆ ಕಾಳು ಉದುರುವುದಷ್ಟೇ ಅಲ್ಲ, ಕಡ್ಡಿ ಜಜ್ಜಿ ಮೆತ್ತಗಾಗಿ ದನದ ಬಾಯಿಗೆ ಹಿತವಾಗುತ್ತಿತ್ತು.

ಒಟ್ಟುವ ಕೆಲಸ ಎಲ್ಲರಿಗೂ ಬರುತ್ತಿರಲಿಲ್ಲ. ಗೆದ್ದಲು ಹತ್ತದಂತೆ ಕೆಳಗೆ ಕಲ್ಲು ಹಾಸಿ, ಅದರ ಮೇಲೆ ಕಟ್ಟಿಗೆ ಜೋಡಿಸಿ, ದುಂಡಗೆ ಸುತ್ತು ಹಾಕಿಕೊಂಡು ಮೇಲೇರಬೇಕು. ನೆತ್ತಿ ನೀರು ಜಾರುವಂತೆ ಇಳಿಜಾರಾಗಿರಬೇಕು. ಒಟ್ಟಿದ ಮೂರನೆಯ ದಿನ ದಾದಾ ಬಣವೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗೆ ಬಿಸಿ ತಗುಲಿದರೆ ಹುಲ್ಲಿನಲ್ಲಿ ಹಸಿ ಉಳಿದಿದೆ ಎಂದರ್ಥ, ಬಿಚ್ಚಿ ಮತ್ತೆ ಒಣಗಿಸಬೇಕು. ಚೆನ್ನಾಗಿ ಒಣಗಿದ ರಾಗಿ ಹುಲ್ಲು ಕೆಡದೆ ವರ್ಷಗಟ್ಟಲೆ ಉಳಿಯುತ್ತದೆ. ಬರ ಬಂದಾಗ ಹಳೆಯ ಬಣವೆ ಇದ್ದವನೇ ಶ್ರೀಮಂತ.

ಇಷ್ಟು ಮಹತ್ವದ ವಸ್ತುವಿಗೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಜಾಗವಿಲ್ಲ. ಕೋಟೆಗಳಿವೆ, ಫಿರಂಗಿಗಳಿವೆ, ಫಿರಂಗಿ ಎಳೆದ ಎತ್ತುಗಳು ಏನು ತಿಂದವು ಎಂಬ ಪ್ರಶ್ನೆ ಇಲ್ಲ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದು, ಅರಕೆರೆಯ ಬಳಿ ಕಾಳಗದಲ್ಲಿ ಗೆದ್ದೂ, ಹಿಂದಿರುಗಬೇಕಾಯಿತು. ಅವನನ್ನು ಹಿಂದಕ್ಕೆ ತಳ್ಳಿದ್ದು ಮಳೆ, ರೋಗ ಮತ್ತು ಹಸಿವು. ಮೇವಿಲ್ಲದೆ ಸಾಗಣೆಯ ಎತ್ತುಗಳು ಸತ್ತು ಬಿದ್ದವು, ಕೋಟೆ ಒಡೆಯಲೆಂದು ತಂದ ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ ಅವನೇ ಹಾಳು ಮಾಡಿ ಬಿಟ್ಟುಹೋದ. ಶತ್ರು ಬರುವ ದಾರಿಯ ಮೇವನ್ನು ಟಿಪ್ಪು ಮೊದಲೇ ಸುಡಿಸಿದ್ದ. ಇದನ್ನು ನಾವು ಜಾಣ ಯುದ್ಧತಂತ್ರವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ಜಾಣತನವೇ ಹೌದು. ಆದರೆ ಸುಟ್ಟ ಹುಲ್ಲು ಅರಮನೆಯದ್ದಾಗಿರಲಿಲ್ಲ. ದಾರಿಬದಿಯ ಯಾವುದೋ ಹಳ್ಳಿಯ, ನಮ್ಮ ದಾದಾನಂಥ ಯಾರೋ ಒಬ್ಬ ರೈತನ ಹಿತ್ತಿಲಿನದು. ಸುಲ್ತಾನನನ್ನು ಬೈಯುವವರೂ ಹೊಗಳುವವರೂ ಆ ರೈತನ ಕಡೆ ಮುಖ ತಿರುಗಿಸಿದ್ದನ್ನು ನಾವು ಕಂಡಿಲ್ಲ.

ಸೈನ್ಯದ ಎತ್ತುಗಳಿಗೆ ದೊರೆಗಳು ಬೇರೆ ವ್ಯವಸ್ಥೆಯನ್ನೂ ಮಾಡಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಆಯಿತು. ಈ ದನಗಳಿಗೆಂದೇ ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರೂ ಈ ಏರ್ಪಾಡನ್ನು ಬಿಡಲಿಲ್ಲ. ತಮಗೆ ಮೈಸೂರಿನ ಎತ್ತು ಬೇಕು, ಎತ್ತಿಗೆ ಹುಲ್ಲು ಬೇಕು ಎಂಬ ಪಾಠವನ್ನು ಅವರು 1791ರಲ್ಲೇ ಕಲಿತಿದ್ದರು. ನಮ್ಮ ಸೀಮೆಯ ಕಾವಲುಗಳಲ್ಲಿ ಸರ್ಕಾರದ ದನಕ್ಕೆ ಹುಲ್ಲು ಎದೆಮಟ್ಟ ಬೆಳೆದಿದ್ದರೂ ಬದಿಯ ಹಳ್ಳಿಯ ಬಡವನ ದನ ಒಳಗೆ ಬಾಯಿ ಹಾಕುವಂತಿರಲಿಲ್ಲ. ಸಣ್ಣ ರೈತನಿಗೆ ಉಳಿದದ್ದು ತನ್ನ ಹೊಲದ ಬಣವೆ ಮಾತ್ರ. ಅಂಥ ಕಾವಲುಗಳೂ ಈಗ ಕರಗುತ್ತಿವೆ. 2008ರಿಂದೀಚೆಗೆ ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಅಲ್ಲಿ ಕುರಿ ದನ ಮೇಯಿಸುತ್ತಿದ್ದವರು ಬೇಲಿಯ ಹೊರಗೆ ಉಳಿದರು.

1876ರಿಂದ 78ರವರೆಗಿನ ಧಾತು-ಈಶ್ವರದ ಬರವನ್ನು ನಮ್ಮ ದಾದಿ ಕಂಡವರಲ್ಲ, ಕೇಳಿದವರು. ಹಸಿದ ದನಕ್ಕೆ ಮನೆಯ ಮಾಡಿನ ಹುಲ್ಲನ್ನು ಕಿತ್ತು ಹಾಕಿದರೆಂದು ಹೇಳುತ್ತಿದ್ದರು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ದನ ಸತ್ತ ಮನೆಯಲ್ಲಿ ಮರುವರ್ಷ ಮಳೆ ಬಂದರೂ ಉಳುವುದು ಯಾವುದರಿಂದ? ಬರ ಮುಗಿದರೂ ಬಡತನ ಮುಗಿಯದಿದ್ದುದಕ್ಕೆ ಇದೂ ಒಂದು ಕಾರಣ.

ಹುಲ್ಲಿನ ಬೆಲೆ ಕಾನೂನಿಗೆ ಚೆನ್ನಾಗಿ ಗೊತ್ತಿತ್ತು. ಭಾರತೀಯ ದಂಡ ಸಂಹಿತೆಯ 435ನೇ ಕಲಮು ಬೆಂಕಿ ಹಚ್ಚಿ ನಷ್ಟ ಮಾಡುವುದಕ್ಕೆ ಸಂಬಂಧಿಸಿದ್ದು. ನಷ್ಟ 100 ರೂಪಾಯಿ ಮುಟ್ಟಬೇಕು ಎಂಬುದು ಅದರ ನಿಯಮ. 1882ರಲ್ಲಿ ಅದಕ್ಕೊಂದು ತಿದ್ದುಪಡಿ ಬಂತು: ಸುಟ್ಟದ್ದು ಕೃಷಿ ಉತ್ಪನ್ನವಾದರೆ 10 ರೂಪಾಯಿ ಸಾಕು. ಶಿಕ್ಷೆ ಏಳು ವರ್ಷದವರೆಗೆ. ಹಳ್ಳಿಯ ಹಗೆ ಮೊದಲು ಕೈ ಹಾಕುವುದು ಬಣವೆಗೇ ಎಂಬುದು ಆ ಕಾಯ್ದೆ ಬರೆದವರಿಗೆ ತಿಳಿದಿತ್ತು ಎಂದು ಕಾಣುತ್ತದೆ. 2024ರ ಜುಲೈ 1ರಿಂದ ಆ ಸಂಹಿತೆ ಹೋಗಿ ಹೊಸದು ಬಂದಿದೆ.

ಈ ಕಲಮಿನ ಹೆಸರನ್ನು ನಾವು ಮೊದಲು ಕೇಳಿದ್ದು 1993ರ ಜನವರಿಯಲ್ಲಿ. ರೇಡಿಯೋದಲ್ಲಿ ದಿನವೂ ಕೆಟ್ಟ ಸುದ್ದಿ ಬರುತ್ತಿದ್ದ ಕಾಲ. ಒಂದು ರಾತ್ರಿ ನಮ್ಮ ಬಣವೆ ಹತ್ತಿ ಉರಿಯಿತು. ಬಾವಿಯಿಂದ ಕೊಡ ಕೊಡ ನೀರು ಸೇದಿ ಎರಚಿದ್ದು ನೆನಪಿದೆ. ಹುಲ್ಲಿನ ಬೆಂಕಿ ಮೇಲೆ ಆರಿದಂತೆ ಕಂಡು ಒಳಗೆ ಉರಿಯುತ್ತದೆ, ಎರಡು ದಿನ ಹೊಗೆಯಾಡಿತು. ಬೆಳಿಗ್ಗೆ ಬಂದ ಪೊಲೀಸಿನವರು 435 ಹಾಕುತ್ತೇವೆ, ಯಾರ ಮೇಲೆ ಅನುಮಾನ ಹೇಳಿ ಎಂದರು. ಅಂದಿನ ದಿನಗಳಲ್ಲಿ ಒಂದು ಹೆಸರು ಹೇಳುವುದು ಕಷ್ಟವಾಗಿರಲಿಲ್ಲ. ಚಾಚಾ ಹೇಳಲು ಬಾಯಿ ತೆರೆದೂ ಇದ್ದರು. ದಾದಾ ಅವರ ಭುಜದ ಮೇಲೆ ಕೈಯಿಟ್ಟು, "ಯಾರೋ ಬೀಡಿ ಸೇದಿ ಬಿಸಾಕಿದಾರೆ, ಬರ್ಕೊಳ್ಳಿ ಸ್ವಾಮಿ" ಎಂದರು. ಬೀಡಿಯೇ ಇದ್ದಿರಬಹುದು. ನಮಗೆ ಇಂದಿಗೂ ಗೊತ್ತಿಲ್ಲ. ಆ ಮಾತಿಗಾಗಿ ಚಾಚಾ ದಾದಾನ ಜೊತೆ ರಂಜಾನ್ ಬರುವವರೆಗೆ ಮಾತು ಬಿಟ್ಟಿದ್ದರು.

ಮಧ್ಯಾಹ್ನ ಪಕ್ಕದ ಹೊಲದ ಗೌಡರು ಒಂದು ಗಾಡಿ ಹುಲ್ಲು ಹೇರಿಕೊಂಡು ಬಂದರು. "ಎತ್ತು ಉಪವಾಸ ಬೀಳಬಾರ್ದು ಸಾಬ್ರೇ, ಲೆಕ್ಕ ಆಮೇಲೆ ನೋಡಾಣ" ಎಂದರು. ಇನ್ನಿಬ್ಬರು ಅರ್ಧರ್ಧ ಗಾಡಿ ಕಳಿಸಿದರು. ಊರಿನ ಉಳಿದವರು ಏನನ್ನೂ ಕಳಿಸಲಿಲ್ಲ, ಅದನ್ನೂ ಹೇಳಬೇಕು. ಲೆಕ್ಕವನ್ನು ನಿಜವಾಗಿಯೂ ನೋಡಲಾಯಿತು: ಮರುವರ್ಷ ಒಕ್ಕಣೆ ಮುಗಿದ ಮೇಲೆ ದಾದಾ ಗೌಡರ ಮನೆಗೆ ತುಂಬಿದ ಒಂದು ಗಾಡಿ ಹುಲ್ಲು ಹೊಡೆಸಿದರು, ಗೌಡರು ಬೇಡವೆನ್ನದೆ ಇಳಿಸಿಕೊಂಡರು.

ದಾದಾ ಹೋದ ಮೇಲೆ ಮೂರು ಎಕರೆ ಮೂರು ಪಾಲಾಯಿತು. ಎಕರೆ ಹೊಲಕ್ಕೆ ಜೋಡಿ ಎತ್ತು ಸಾಕುವುದು ಯಾವ ಲೆಕ್ಕಕ್ಕೂ ಕೂಡದು, ಮಾರಿದೆವು. ಹಾಲಿನ ಡೈರಿ ಬಂದಿತ್ತು, ಎತ್ತಿನ ಕೊಟ್ಟಿಗೆಗೆ ಸೀಮೆಹಸು ಬಂತು. ಕಣ ಸಾರಿಸುವುದು ನಿಂತು ರಾಗಿಯನ್ನು ಟಾರು ರಸ್ತೆಯ ಮೇಲೆ ಹರಡಿ ಲಾರಿ ಬಸ್ಸುಗಳ ಚಕ್ರಕ್ಕೆ ಒಕ್ಕಲು ಬಿಟ್ಟೆವು. ಈಗ ಅದೂ ಇಲ್ಲ, ಯಂತ್ರ ಹೊಲಕ್ಕೇ ಬರುತ್ತದೆ. ಹುಲ್ಲನ್ನು ಇನ್ನೊಂದು ಯಂತ್ರ ಸುರುಳಿ ಸುತ್ತಿ ಕೊಡುತ್ತದೆ. ಬಣವೆ ಒಟ್ಟಲು ಬರುವವರು ನಮ್ಮೂರಿನಲ್ಲಿ ಇಬ್ಬರೋ ಮೂವರೋ ಉಳಿದಿದ್ದಾರೆ, ಅವರಿಗೂ ಏಣಿ ಹತ್ತುವ ವಯಸ್ಸಲ್ಲ.

ಚಾಚಾ ಮಾತ್ರ ಎರಡು ಹಸು ಇಟ್ಟುಕೊಂಡಿದ್ದಾರೆ. ಸ್ವಂತ ಹುಲ್ಲು ಸಾಲದು, ಕೊಳ್ಳುತ್ತಾರೆ. ಕಳೆದ ಬೇಸಗೆಯಲ್ಲಿ ನಾವು ಊರಿಗೆ ಹೋದಾಗ ಹುಲ್ಲಿನ ಸುರುಳಿ ಹೇರಿದ ಟ್ರ್ಯಾಕ್ಟರು ಬಂದು ನಿಂತಿತ್ತು. ಹಳೆಯ ಬಣವೆಯ ಜಾಗದಲ್ಲಿ ಈಗ ಶೀಟಿನ ಶೆಡ್ಡಿದೆ, ಅಲ್ಲೇ ಇಳಿಸಬೇಕು. ಹುಡುಗರು ಡೋರು ಬಿಚ್ಚುವ ಮೊದಲು ಚಾಚಾ ತೋಳು ಮಡಿಸಿ, ಒಂದು ಸುರುಳಿಯ ನಡುವೆ ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತರು.

"ಬಿಸಿ ಇಲ್ಲ. ಇಳಿಸ್ರಪ್ಪ" ಎಂದರು.