ಷಾಂಪೇನ್: ದೋಷವೇ ಗುಣವಾದ ಕಥೆ

ಹುಣಸೂರು ದಾಟಿ, ನಾಗರಹೊಳೆಯ ಕಾಡಂಚಿನ ಆನೆಚೌಕೂರು ಹಾದು ತಿತಿಮತಿಗೆ ಬಂದವರಿಗೆ ಕೊಡಗಿನ ಮನೆ ವೈನಿನ ಪರಿಚಯ ಹೇಳಬೇಕಾಗಿಲ್ಲ. ದ್ರಾಕ್ಷಿಯಷ್ಟೇ ಅಲ್ಲ, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆಯಿಂದಲೂ ಈ ಸೀಮೆಯಲ್ಲಿ ವೈನ್ ತಯಾರಾಗುತ್ತದೆ. ಇದನ್ನು ಮಾಡುವವರಿಗೆ ಒಂದು ತಲೆನೋವೂ ಗೊತ್ತು. ಸಕ್ಕರೆ ಪೂರ್ತಿ ಕರಗಿ ಹುದುಗುವ ಮೊದಲೇ ಅವಸರದಲ್ಲಿ ಶೀಸೆಗೆ ತುಂಬಿ ಬಿರಡೆ ಜಡಿದರೆ, ಕೆಲವು ದಿನಗಳ ಮೇಲೆ ಬಿರಡೆ ಹಾರುತ್ತದೆ. ಕೆಲವೊಮ್ಮೆ ಶೀಸೆಯೇ ಸಿಡಿಯುತ್ತದೆ.

ಇದೇ ತಲೆನೋವು ಫ್ರಾನ್ಸಿನ ಈಶಾನ್ಯ ಭಾಗದ ಷಾಂಪೇನ್ ಸೀಮೆಗೆ ಲೋಕಪ್ರಸಿದ್ಧಿ ತಂದಿತು.

ಅಲ್ಲಿ ಚಳಿ ಹೆಚ್ಚು. ಶರತ್ಕಾಲದಲ್ಲಿ ಹಿಂಡಿದ ರಸ ಹುದುಗುತ್ತಿರುವಾಗಲೇ ಚಳಿಗಾಲ ಬಂದು ಯೀಸ್ಟ್ ನಿದ್ದೆಹೋಗುತ್ತಿತ್ತು. ವಸಂತದಲ್ಲಿ ಅದು ಮತ್ತೆ ಎದ್ದಾಗ ವೈನ್ ನೊರೆಗಟ್ಟುತ್ತಿತ್ತು. 1668ರಲ್ಲಿ ಓವಿಲೇ ಮಠದ ಉಗ್ರಾಣದ ಹೊಣೆ ಹೊತ್ತ ಸನ್ಯಾಸಿ ಡಾಮ್ ಪೆರಿನ್ಯೋ ಷಾಂಪೇನನ್ನು ಕಂಡುಹಿಡಿದನೆಂಬುದು ಜನಪ್ರಿಯ ಕಥೆ. ವಾಸ್ತವವಾಗಿ ಆತ ಹೆಣಗಿದ್ದು ಗುಳ್ಳೆ ಬಾರದಂತೆ ತಡೆಯಲು! ಅದಕ್ಕೂ ಮುಂಚೆ, 1662ರಲ್ಲೇ, ಇಂಗ್ಲೆಂಡಿನ ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯ, ವೈನಿಗೆ ಸಕ್ಕರೆ ಬೆರೆಸಿ ನೊರೆ ಬರಿಸುವ ಪದ್ಧತಿಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ್ದ. ಕಲ್ಲಿದ್ದಲಿನ ಕುಲುಮೆಯಲ್ಲಿ ಕಾಯಿಸಿದ ಇಂಗ್ಲಿಷ್ ಗಾಜು ಗಟ್ಟಿಯಾಗಿದ್ದುದರಿಂದ ಆ ಒತ್ತಡವನ್ನು ತಾಳುತ್ತಿತ್ತು. ಫ್ರಾನ್ಸಿನ ನೆಲಮಾಳಿಗೆಗಳಲ್ಲಿ ಮಾತ್ರ ಒಂದು ಶೀಸೆ ಸಿಡಿದರೆ ಸಾಲೇ ಸಿಡಿಯುತ್ತಿತ್ತು. ಕೆಲಸಗಾರರು ಕಬ್ಬಿಣದ ಮುಖವಾಡ ಧರಿಸುತ್ತಿದ್ದ ಕಾಲವದು.

ಷಾಂಪೇನ್ ತಯಾರಿಸುವ ಮೂರು ಮುಖ್ಯ ದ್ರಾಕ್ಷಿಗಳಲ್ಲಿ ಪಿನೋ ನ್ವಾರ್ ಮತ್ತು ಮ್ಯೂನಿಯೇ ಕಪ್ಪು. ಷಾರ್ಡನೇ ಮಾತ್ರ ಬಿಳಿ. ಬಣ್ಣ ಇರುವುದು ಸಿಪ್ಪೆಯಲ್ಲಿ. ಆದ್ದರಿಂದ ಮೆಲ್ಲಗೆ ಹಿಂಡಿ, ಸಿಪ್ಪೆಯನ್ನು ಕೂಡಲೇ ಬೇರ್ಪಡಿಸಿದರೆ ಕಪ್ಪು ಹಣ್ಣಿನಿಂದಲೂ ಬಿಳಿ ವೈನ್ ಸಿಗುತ್ತದೆ. ಮೊದಲ ಹುದುಗು ಮುಗಿದ ಮೇಲೆ ಬೇರೆ ಬೇರೆ ತೋಟಗಳ, ಬೇರೆ ಬೇರೆ ವರ್ಷಗಳ ವೈನ್ ಬೆರೆಸಿ ಹದ ಮಾಡುತ್ತಾರೆ. ಬಳಿಕ ಶೀಸೆಗೆ ತುಂಬಿ, ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಮುಚ್ಚಳ ಬಿಗಿಯುತ್ತಾರೆ. ಎರಡನೇ ಹುದುಗು ನಡೆಯುವುದು ಈ ಶೀಸೆಯೊಳಗೇ. ಹೊರಬರಲು ದಾರಿ ಕಾಣದ ಇಂಗಾಲದ ಡೈ ಆಕ್ಸೈಡ್ ವೈನಿನಲ್ಲಿ ಕರಗುತ್ತದೆ. ಒಳಗಿನ ಒತ್ತಡ ವಾತಾವರಣದ ಒತ್ತಡದ ಐದಾರು ಪಟ್ಟು!

ಸತ್ತ ಯೀಸ್ಟಿನ ಗಸಿಯನ್ನು ತೆಗೆಯುವುದೇ ಕಷ್ಟ. ಬಸಿದರೆ ಗುಳ್ಳೆಯೂ ಹೋಗುತ್ತದೆ. ಇದಕ್ಕೆ ಉಪಾಯ ಹೊಳೆದದ್ದು, 27ರ ಹರೆಯದಲ್ಲಿ ಗಂಡನನ್ನು ಕಳೆದುಕೊಂಡು ವ್ಯಾಪಾರ ಕೈಗೆತ್ತಿಕೊಂಡ ಮದಾಂ ಕ್ಲಿಕೋಗೆ. 1816ರ ಸುಮಾರಿಗೆ ಅವರ ನೆಲಮಾಳಿಗೆಯಲ್ಲಿ, ತೂತು ಕೊರೆದ ಹಲಗೆಗೆ ಶೀಸೆಗಳನ್ನು ಓರೆಯಾಗಿ ಸಿಕ್ಕಿಸಿ, ದಿನವೂ ತುಸು ತುಸು ತಿರುಗಿಸುವ ಪದ್ಧತಿ ಬಂತು. ಗಸಿ ಕತ್ತಿಗೆ ಇಳಿಯುತ್ತದೆ. ಈಗ ಕತ್ತನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಸಿಯ ಗಟ್ಟಿ ಒತ್ತಡಕ್ಕೆ ತಾನೇ ಹೊರಗೆ ಚಿಮ್ಮುತ್ತದೆ. ರುಚಿಗೆ ತಕ್ಕ ಸಕ್ಕರೆ ಸೇರಿಸಿ, ಬಿರಡೆ ಜಡಿದು, ತಂತಿ ಬಿಗಿದರೆ ಮುಗಿಯಿತು. ಕನಿಷ್ಠ 15 ತಿಂಗಳು ಕಾಯದೆ ಮಾರುವಂತಿಲ್ಲ.

ಈ ವಿದ್ಯೆ ಕರ್ನಾಟಕಕ್ಕೂ ಅಪರಿಚಿತವಲ್ಲ. 1980ರ ದಶಕದಲ್ಲಿ ಕನ್ವಲ್ ಗ್ರೋವರ್ ನಂದಿಬೆಟ್ಟದ ಸೀಮೆಯಲ್ಲಿ ಫ್ರೆಂಚ್ ದ್ರಾಕ್ಷಿ ಬೆಳೆಸಲು ಹೊರಟಾಗ ಜತೆಗೂಡಿದವರು ಷಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್. ಆದರೆ ಇಲ್ಲಿ ಅದೇ ಪದ್ಧತಿಯಲ್ಲಿ ತಯಾರಿಸಿದರೂ ಅದನ್ನು ಷಾಂಪೇನ್ ಎನ್ನುವಂತಿಲ್ಲ, ‘ಸ್ಪಾರ್ಕ್‌ಲಿಂಗ್ ವೈನ್’ ಎನ್ನಬೇಕು. ಷಾಂಪೇನ್ ಎಂಬುದು ಊರಿನ ಹೆಸರು. ಆ ಮಣ್ಣಿನ ಬೆಳೆಗಾರರಿಗಷ್ಟೇ ಅದರ ಹಕ್ಕು.

ಫ್ರೆಂಚರದು ಇದು ಅತಿ ಜಿಗುಟು ಎನಿಸಬಹುದು. ಆದರೆ ಎಲ್ಲಿಯದೋ ಕಿತ್ತಳೆಗೆ ಕೊಡಗಿನ ಹೆಸರು ಹಚ್ಚಿ ಮಾರಿದರೆ ನಷ್ಟ ಯಾರಿಗೆಂದು ಇಲ್ಲಿನ ತೋಟದವರನ್ನೇ ಕೇಳಬೇಕು. ಭಾರತದ ಭೌಗೋಳಿಕ ಸೂಚಕ ಕಾಯಿದೆ ರೂಪುಗೊಂಡದ್ದು 1999ರಲ್ಲಿ, ಜಾರಿಗೆ ಬಂದದ್ದು 2003ರಲ್ಲಿ. ಕೊಡಗಿನ ಕಿತ್ತಳೆಗೆ ಆ ಮಾನ್ಯತೆ ಸಿಕ್ಕಿದೆ. 2019ರಲ್ಲಿ ಕೊಡಗಿನ ಅರೇಬಿಕಾ ಕಾಫಿಗೂ ಸಿಕ್ಕಿತು. ಮನೆ ವೈನಿಗೆ ಮಾತ್ರ ಇನ್ನೂ ಅಡುಗೆಮನೆಯ ಕೈಯಳತೆಯೇ ಕಾಯಿದೆ.