ಹುಂಜವೋ ಹೇಂಟೆಯೋ?

ನಮ್ಮ ಹಳ್ಳಿಯ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದಳು. ಕೋಳಿಯನ್ನು ಕಾವಿಗೆ ಕೂರಿಸುವ ಮುನ್ನ ಒಂದೊಂದು ಮೊಟ್ಟೆಯನ್ನೂ ಕೈಯಲ್ಲಿ ಹೊರಳಿಸಿ ನೋಡಿ, ಚೂಪಾದದ್ದು ಹುಂಜ, ಗುಂಡಗಿರುವುದು ಹೇಂಟೆ ಎಂದು ತೀರ್ಪು ಕೊಡುವಳು. ಆಕೆಯ ಮಾತು ಅರ್ಧಕ್ಕರ್ಧ ನಿಜವಾಗುತ್ತಿತ್ತು. ಊರಿನಲ್ಲಿ ಆಕೆಗೆ ಒಳ್ಳೆಯ ಹೆಸರೂ ಇತ್ತು.

ಅಜ್ಜಿಯ ಶಾಸ್ತ್ರ ಎಷ್ಟು ಪುರಾತನವಾದದ್ದೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಕ್ರಿಸ್ತಪೂರ್ವ 4ನೆಯ ಶತಮಾನದ ಅರಿಸ್ಟಾಟಲನು ಉದ್ದವಾದ ಚೂಪು ಮೊಟ್ಟೆಯಿಂದ ಹೇಂಟೆ, ದುಂಡನೆಯದರಿಂದ ಹುಂಜ ಎಂದು ಬರೆದನು. ಕ್ರಿಸ್ತಶಕ 1ನೆಯ ಶತಮಾನದಲ್ಲಿ ರೋಮಿನ ಕೃಷಿಶಾಸ್ತ್ರಜ್ಞ ಕೊಲುಮೆಲ್ಲನು ಇದನ್ನು ಪೂರಾ ತಿರುಗಿಸಿದನು. ನಮ್ಮ ಅಜ್ಜಿ ಕೊಲುಮೆಲ್ಲನ ಪಕ್ಷ! ಕಣ್ಣು ಮುಚ್ಚಿ ಹೇಳಿದರೂ ಅರ್ಧ ಪಾಲು ಸರಿಯಾಗುವ ಪ್ರಶ್ನೆಯಲ್ಲಿ ಎರಡು ಮತಗಳೂ ಸೋಲದೆ ಬಾಳಿದ್ದರಲ್ಲಿ ಆಶ್ಚರ್ಯವೇನು?

ಹಿತ್ತಿಲಿನ ಕೋಳಿಗೆ ಈ ಆತುರವೂ ಬೇಕಿರಲಿಲ್ಲ. ಐದಾರು ವಾರ ಕಳೆದರೆ ಹುಂಜದ ಜುಟ್ಟು ತಾನಾಗಿಯೇ ಕೆಂಪೇರಿ ಗುಟ್ಟು ಬಯಲಾಗುತ್ತದೆ. ಆದರೆ ಕಾವಿನ ಯಂತ್ರದಲ್ಲಿ ಸಾವಿರಗಟ್ಟಲೆ ಮರಿಗಳನ್ನು ಹೊರಡಿಸುವ ವ್ಯಾಪಾರಿಗೆ ಕಾಯುವ ತಾಳ್ಮೆ ಎಲ್ಲಿಯದು? ಮೊಟ್ಟೆಯಿಡದ ಹುಂಜಕ್ಕೆ ಅಷ್ಟು ದಿನ ಕಾಳು ಹಾಕುವುದು ಅವನಿಗೆ ದಂಡ.

ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿಗೆ ಆಹಾರದ ಅಭಾವ ಬಂದಾಗ ಕೇಂಬ್ರಿಡ್ಜಿನ ವಿಜ್ಞಾನಿ ರೆಜಿನಾಲ್ಡ್ ಪನ್ನೆಟ್ ಒಂದು ಉಪಾಯ ಹೇಳಿದರು. ಹೊನ್ನಿನ ಬಣ್ಣದ ಹುಂಜವನ್ನು ಬೆಳ್ಳಿಯ ಬಣ್ಣದ ಹೇಂಟೆಯೊಡನೆ ಕೂಡಿಸಿದರೆ ಗಂಡುಮರಿಗೆ ತಾಯಿಯ ಬಣ್ಣ, ಹೆಣ್ಣುಮರಿಗೆ ತಂದೆಯ ಬಣ್ಣ ಬರುತ್ತದೆ. ಹುಟ್ಟಿದ ದಿನವೇ ಬೇರೆ ಮಾಡಬಹುದು. ಮುಂದೆ ಅವರು ಮೈಕೆಲ್ ಪೀಸ್ ಅವರೊಡನೆ ಸೇರಿ, ಮರಿಯ ತುಪ್ಪಳ ನೋಡಿದರೇ ಗಂಡುಹೆಣ್ಣು ತಿಳಿಯುವ ‘ಕ್ಯಾಂಬಾರ್’ ಎಂಬ ತಳಿಯನ್ನೇ ಬೆಳೆಸಿದರು.

ಆದರೆ ಎಲ್ಲ ತಳಿಗೂ ಸಲ್ಲುವ ವಿದ್ಯೆ ಬಂದದ್ದು ಜಪಾನಿನಿಂದ. ಕಿಯೋಷಿ ಮಸುಯಿ ಮತ್ತು ಅವರ ಸಂಗಡಿಗರು, ದಿನದ ಮರಿಯ ಗುದದ್ವಾರವನ್ನು ಮೆಲ್ಲನೆ ಬಿಡಿಸಿದರೆ ಗಂಡಿನಲ್ಲಿ ಸಾಸಿವೆಗಿಂತ ಕಿರಿದಾದ ಒಂದು ಉಬ್ಬು ಕಾಣುತ್ತದೆಂದು ಕಂಡುಕೊಂಡರು. 1927ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಸೇರಿದ ವಿಶ್ವ ಕುಕ್ಕುಟ ಸಮ್ಮೇಳನದಲ್ಲಿ ಇದು ಹೊರಜಗತ್ತಿಗೆ ತಿಳಿಯಿತು. ಹೇಳುವುದು ಸುಲಭ, ಕಾಣುವುದು ಕಷ್ಟ. ಕೆಲವು ಹೆಣ್ಣುಮರಿಗಳಲ್ಲೂ ಅಂಥದೇ ಉಬ್ಬು ಇರುತ್ತದೆ. ಗುರುವಿನ ಪಕ್ಕದಲ್ಲಿ ಕುಳಿತು ಸಾವಿರಾರು ಮರಿಗಳನ್ನು ಹಿಡಿದ ಮೇಲೆಯೇ ಕಣ್ಣು ಪಳಗುವುದು. ಪಳಗಿದವನು ಗಂಟೆಗೆ ಸುಮಾರು ಸಾವಿರ ಮರಿಗಳನ್ನು ಬೇರ್ಪಡಿಸಬಲ್ಲ. ತಪ್ಪುವುದು ನೂರಕ್ಕೆ ಎರಡೋ ಮೂರೋ. ‘ಹೇಗೆ ತಿಳಿಯಿತು?’ ಎಂದರೆ ವಿವರಿಸುವುದು ಅವನಿಗೇ ಕಷ್ಟ. ಛಂದಸ್ಸಿನ ತಪ್ಪು ಕಿವಿಗೆ ಮೊದಲು ತಗುಲಿ, ಸೂತ್ರ ಆಮೇಲೆ ನೆನಪಾಗುವುದನ್ನು ತರಗತಿಯಲ್ಲಿ ಬಲ್ಲ ನನಗೆ ಈ ಮಾತು ಅರ್ಥವಾಗುತ್ತದೆ.

ಅಮೆರಿಕದಲ್ಲಿ ಈ ಕಸುಬು ಬಹುಕಾಲ ಜಪಾನಿ ಮೂಲದವರ ಕೈಯಲ್ಲಿಯೇ ಇತ್ತು. 1942ರಲ್ಲಿ ಅಲ್ಲಿಯ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಶಿಬಿರಗಳಿಗೆ ಅಟ್ಟಿತು. ಒಂದು ದಿನದ ಮರಿಯ ಜಾತಕವನ್ನು ಬೆರಳ ತುದಿಯಲ್ಲಿ ಓದಬಲ್ಲ ಜನ, ಅವರ ಮುಖವನ್ನಷ್ಟೇ ಓದಿದ ಸರ್ಕಾರ!

ಇಷ್ಟು ಜಾಣ್ಮೆಯ ಫಲವೇನು? ಗುರುತು ಸಿಕ್ಕ ದಿನವೇ ಮೊಟ್ಟೆತಳಿಯ ಗಂಡುಮರಿಗೆ ಮರಣ. ಜಗತ್ತಿನಲ್ಲಿ ವರ್ಷಕ್ಕೆ ಹೀಗೆ ಸಾಯುವ ಮರಿಗಳು ಸುಮಾರು 700 ಕೋಟಿ ಎಂದು ಅಂದಾಜು. 2022ರ ಜನವರಿ 1ರಿಂದ ಜರ್ಮನಿ ಈ ಕೊಲೆಯನ್ನು ನಿಷೇಧಿಸಿತು. ಈಗ ಅಲ್ಲಿ ಮರಿಯಾಗುವ ಮುನ್ನವೇ ಮೊಟ್ಟೆಯೊಳಗಿನ ಪಿಂಡವನ್ನು ಪರೀಕ್ಷಿಸುತ್ತಾರೆ.

ಅಂತೂ ವಿಜ್ಞಾನ ಸುತ್ತಿ ಬಳಸಿ ಅಜ್ಜಿಯಂತೆ ಮತ್ತೆ ಮೊಟ್ಟೆಯನ್ನೇ ನೋಡುತ್ತಿದೆ. ಅದು ತಪ್ಪುವುದು ಅಪರೂಪ. ಅಜ್ಜಿ ಅರ್ಧ ಪಾಲು ತಪ್ಪುತ್ತಿದ್ದಳು. ಆದರೆ ಅವಳ ಹಿತ್ತಿಲಿನಲ್ಲಿ ಲೆಕ್ಕ ತಪ್ಪಿ ಹುಟ್ಟಿದ ಹುಂಜಗಳೂ ಬೆಳೆದು ನಾಲ್ಕು ದಿನ ಬೆಳಗಿನ ಕೂಗು ಹಾಕುತ್ತಿದ್ದುವು. ಅದನ್ನು ಕೇಳಿಯೇ ನಾನು ಪಾಠ ಓದಲು ಏಳುತ್ತಿದ್ದೆ.